ರೈತರ ಕೆರೆ, ಹಕ್ಕಿಗಳ ತವರು

ದಾವಣಗೆರೆ ಅಥವಾ ಹರಿಹರದಿಂದ ಹರಪನಹಳ್ಳಿ ಮಾರ್ಗವಾಗಿ ಹೊಸಪೇಟೆಯತ್ತ ಹೊರಟರೆ ನಡುವೆ ಹಗರಿಬೊಮ್ಮನಹಳ್ಳಿ ಸಿಗುತ್ತದೆ. ಅದರ ಸಮೀಪದಲ್ಲೇ ಅಂಕಸಮುದ್ರ. ಶತಮಾನಗಳ ಹಿಂದೆ ಬೇಸಾಯಕ್ಕೆಂದು ಕಟ್ಟಿದ ಇಲ್ಲಿನ ಕೆರೆಯ ವಿಸ್ತೀರ್ಣ 244 ಎಕರೆ. ನೀರಿನ ನಡುವೆ ಕರಿಜಾಲಿ ಮರಗಳು. ಮರಗಳ ತುಂಬ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲುಗಳು. ಇಲ್ಲಿ ಗೂಡು ಕಟ್ಟುವ, ತಂಗುವ ನೀರಹಕ್ಕಿಗಳ ಸಂಖ್ಯೆ 30,000ಕ್ಕೂ ಹೆಚ್ಚು.

ಹಕ್ಕಿಗಳು ಇದೇ ಜಾಗವನ್ನು ಆರಿಸಿಕೊಂಡದ್ದೇಕೆ? ಸುತ್ತ ನೀರಿದ್ದರೆ ನಾಯಿ, ಕಾಡುಬೆಕ್ಕುಗಳು ಗೂಡಿನ ಬಳಿ ಸುಳಿಯಲಾರವು. ಮರಿಗಳಿಗೆ ಬೇಕಾದ ಮೀನು ಕೆರೆಯಲ್ಲೇ ಇದೆ. ಹಕ್ಕಿಗಳ ಹಿಕ್ಕೆ ನೀರಿಗೆ ಬಿದ್ದು ಪಾಚಿಗೆ ಗೊಬ್ಬರವಾಗುತ್ತದೆ. ಪಾಚಿಯಿಂದ ಮೀನು ಬೆಳೆಯುತ್ತದೆ. ನೀರು ಬತ್ತಿದರೆ ಈ ಸರಪಳಿಯೇ ಕಡಿದುಹೋಗುತ್ತದೆ.

ಇಂಥ ತಾಣವನ್ನು ಕಾಯುವುದು ಹೇಗೆ? ನಮ್ಮ ರಾಜ್ಯದಲ್ಲಿ ಹಳೆಯ ಮಾದರಿ ರಂಗನತಿಟ್ಟು. ಪಕ್ಷಿತಜ್ಞ ಡಾ. ಸಲೀಂ ಅಲಿ ಅವರ ಸಲಹೆಯಂತೆ ಮೈಸೂರು ಸಂಸ್ಥಾನ 1940ರಲ್ಲಿ ಅದನ್ನು ಪಕ್ಷಿಧಾಮವೆಂದು ಘೋಷಿಸಿತು. ಕೇಂದ್ರದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಆದರೆ ಅಭಯಾರಣ್ಯವೆಂದರೆ ಪ್ರವೇಶಕ್ಕೂ ಕಟ್ಟುಪಾಡು. ಹೊಲಗದ್ದೆಗೆ ನೀರುಣಿಸುವ ಊರ ಕೆರೆಗೆ ಬೀಗ ಹಾಕಲಾದೀತೆ?

ಈ ತೊಡಕಿಗೆ 2002ರ ತಿದ್ದುಪಡಿ ದಾರಿ ತೋರಿಸಿತು. ಸರ್ಕಾರಿ ಜಾಗವನ್ನು ಸ್ಥಳೀಯರೊಡನೆ ಸಮಾಲೋಚಿಸಿ ‘ಸಂರಕ್ಷಣಾ ಮೀಸಲು ಪ್ರದೇಶ’ ಎಂದು ಘೋಷಿಸಲು ಅದರಲ್ಲಿ ಅವಕಾಶವಿದೆ. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗೂ ಸ್ಥಾನವುಂಟು. ಅಂಕಸಮುದ್ರದ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು.

ಮುಂದೆ ಅಂತರರಾಷ್ಟ್ರೀಯ ಮನ್ನಣೆಯೂ ದೊರೆಯಿತು. ಜೌಗು ಪ್ರದೇಶಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಒಂದು ಒಪ್ಪಂದವಾಗಿತ್ತು. ಆ ಒಪ್ಪಂದದ ಪಟ್ಟಿಗೆ ಕರ್ನಾಟಕದಿಂದ ಮೊದಲು ಸೇರಿದ್ದು ರಂಗನತಿಟ್ಟು, 2022ರಲ್ಲಿ. ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ ಹಾಗೂ ಅಘನಾಶಿನಿ ಅಳಿವೆ ಸೇರಿದ್ದನ್ನು ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಪ್ರಕಟಿಸಿತು.

ಆದರೆ ಘೋಷಣೆಯಿಂದ ಕೆರೆ ತುಂಬುವುದಿಲ್ಲ. ನೀರು ಹರಿದುಬರುವ ಹಳ್ಳ ಮುಚ್ಚಿಹೋದರೆ, ಹೂಳು ತುಂಬಿದರೆ ರೈತನಿಗೂ ನಷ್ಟ, ಹಕ್ಕಿಗೂ ನಷ್ಟ. ಇಬ್ಬರೂ ನಂಬಿರುವುದು ಒಂದೇ ನೀರನ್ನು. ಅಂಕಸಮುದ್ರ ಕಲಿಸುವ ಪಾಠ ಇದೇ.

ಅಷ್ಟು ದೂರ ಹೋಗಲಾಗದವರಿಗೆ ಹರಿಹರ ತಾಲ್ಲೂಕಿನ ಕೊಂಡಜ್ಜಿ ಕೆರೆ ಇದೆ. ಪೋಷಕರು ಒಂದು ಭಾನುವಾರ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ. ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ದಡದಲ್ಲಿ ಯಾವ ಹಕ್ಕಿಗಳಿವೆ ಎಂಬುದನ್ನು ಮಕ್ಕಳು ಬರೆದಿಟ್ಟುಕೊಳ್ಳಲಿ. ಕೆರೆಯನ್ನು ಅರಿತವರೇ ನಾಳೆ ಅದನ್ನು ಕಾಯಬಲ್ಲರು.