ಆದಿಮಾನವನ ವಯಸ್ಸು

ಕಳೆದ ವರ್ಷ ನಮ್ಮ ಅಜ್ಜಿಯ ವೃದ್ಧಾಪ್ಯ ವೇತನದ ಅರ್ಜಿಯನ್ನು ಬರೆಯುವಾಗ ಒಂದು ತೊಡಕು ಎದುರಾಯಿತು. ಹುಟ್ಟಿದ ತಾರೀಖನ್ನು ಕೇಳಿದರೆ ಅಜ್ಜಿ, "ಊರ ಕೆರೆ ಒಡೆದಾಗ ನಾನು ನಮ್ಮವ್ವನ ಕಂಕುಳಲ್ಲಿದ್ದೆನಂತೆ" ಎಂದಳು. ಕೇಳಿದವರು ನಕ್ಕರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ, ನನಗೂ ನಾಚಿಕೆಯಾಯಿತು.

ಈ ವರ್ಷ ಯುರೋಪಿನ ಆದಿಮಾನವನ ವಿಷಯವನ್ನು ಓದಿದಾಗ, ಆ ನಾಚಿಕೆಗೆ ಕಾರಣವಿರಲಿಲ್ಲವೆಂದು ತಿಳಿಯಿತು. ಲಕ್ಷಾಂತರ ವರ್ಷಗಳ ಮೂಳೆಗೂ ಹುಟ್ಟಿದ ತಾರೀಖಿನ ಚೀಟಿ ಇರುವುದಿಲ್ಲವಷ್ಟೆ. ಹಾಗಾದರೆ ವಿದ್ವಾಂಸರು ಅದರ ವಯಸ್ಸನ್ನು ನಿರ್ಣಯಿಸುವುದು ಹೇಗೆ?

ಸ್ಪೇನ್ ದೇಶದ ಉತ್ತರದಲ್ಲಿ, ಬುರ್ಗೋಸ್ ನಗರದ ಬಳಿ, ಅಟಾಪುಯೆರ್ಕಾ ಎಂಬ ಗುಡ್ಡವಿದೆ. 19ನೆಯ ಶತಮಾನದ ಕೊನೆಗೆ ಗಣಿಯ ರೈಲುದಾರಿಗಾಗಿ ಗುಡ್ಡವನ್ನು ಸೀಳಿದಾಗ ಮಣ್ಣು ತುಂಬಿದ ಗವಿಗಳು ಹೊರಬಿದ್ದುವು. ಅವುಗಳಲ್ಲೊಂದಾದ ಗ್ರಾನ್ ದೊಲೀನಾದಲ್ಲಿ 1994ರಲ್ಲಿ ಮನುಷ್ಯರ ಹಲ್ಲು ಮೂಳೆಗಳು ದೊರೆತುವು. 1997ರಲ್ಲಿ ಆ ಮನುಷ್ಯರಿಗೆ ಹೋಮೋ ಆಂಟೆಸೆಸರ್ ಎಂದು ಹೆಸರಿಟ್ಟರು.

ಇಂಗಾಲದಿಂದ ಕಾಲವನ್ನು ಅಳೆಯುವ ಕ್ರಮ ಸುಮಾರು 50,000 ವರ್ಷಗಳಿಂದಾಚೆಗೆ ನಡೆಯದು. ಆದುದರಿಂದ ಮೂಳೆಯನ್ನು ಬಿಟ್ಟು ಅದರ ಸುತ್ತಲಿನ ಮಣ್ಣನ್ನು ಪರೀಕ್ಷಿಸಿದರು. ಭೂಮಿಯೇ ಒಂದು ದೊಡ್ಡ ಅಯಸ್ಕಾಂತ. ಅದರ ದಿಕ್ಕು ಹಲವು ಸಲ ತಲೆಕೆಳಗಾಗಿದೆ. ದಿಕ್ಸೂಚಿಯ ಮುಳ್ಳು ಉತ್ತರದ ಬದಲು ದಕ್ಷಿಣವನ್ನು ತೋರಿಸಬಹುದಾಗಿದ್ದ ಕಾಲಗಳಿದ್ದುವು. ಮಣ್ಣು ನೆಲೆಗೊಳ್ಳುವಾಗ ಅದರಲ್ಲಿನ ಕಬ್ಬಿಣದ ಕಣಗಳು ಅಂದಿನ ದಿಕ್ಕನ್ನೇ ಹಿಡಿದು ನಿಲ್ಲುತ್ತವೆ. ಕೊನೆಯ ದೊಡ್ಡ ತಿರುವು ಆದುದು ಸುಮಾರು 7,80,000 ವರ್ಷಗಳ ಹಿಂದೆ. ಲಾವಾ ಶಿಲೆಗಳಲ್ಲಿ ಪೊಟ್ಯಾಸಿಯಂ ಕ್ರಮೇಣ ಆರ್ಗಾನ್ ಆಗುವ ಲೆಕ್ಕದಿಂದ ಇದನ್ನು ಬೇರೆ ಕಡೆ ಗೊತ್ತುಮಾಡಿದ್ದಾರೆ. ಗ್ರಾನ್ ದೊಲೀನಾದಲ್ಲಿ ಈ ತಿರುವಿನ ಗುರುತು ಮೂಳೆಗಳಿದ್ದ ಪದರಕ್ಕಿಂತ ಮೇಲಿತ್ತು. ಕೆಳಗಿನ ಪದರ ಮೊದಲು ಬಿದ್ದುದು. ಆದುದರಿಂದ ಆ ಮನುಷ್ಯರು ತಿರುವಿಗಿಂತಲೂ ಹಿಂದಿನವರು. ಯುರೋಪಿನಲ್ಲಿ 5 ಲಕ್ಷ ವರ್ಷಗಳಿಗೆ ಮುಂಚೆ ಮನುಷ್ಯರೇ ಇರಲಿಲ್ಲವೆಂಬ ಅನೇಕರ ವಾದ ಇದರಿಂದ ಬಿದ್ದುಹೋಯಿತು.

ಮಣ್ಣಿನ ಸಾಕ್ಷ್ಯವನ್ನೂ ಪಾಟೀಸವಾಲು ಮಾಡದೆ ಒಪ್ಪುವಂತಿಲ್ಲ. ಇಂಗ್ಲೆಂಡಿನ ಪಿಲ್ಟ್‌ಡೌನ್‌ನಲ್ಲಿ ಸಿಕ್ಕಿತೆಂದು 1912ರಲ್ಲಿ ಪ್ರಕಟಿಸಿದ ತಲೆಬುರುಡೆಯನ್ನು ಬಹುಮಂದಿ ಆದಿಮಾನವನದೆಂದೇ ನಂಬಿದ್ದರು. ಹೂತ ಮೂಳೆಗೆ ನೆಲದ ನೀರಿನಿಂದ ಫ್ಲೋರಿನ್ ಸೇರುತ್ತ ಹೋಗುತ್ತದೆ. ಅದನ್ನು ಅಳೆದಾಗ ಸಂಶಯ ಹುಟ್ಟಿತು. ಅದರ ದವಡೆ ವಾನರನದೆಂದೂ, ಬಣ್ಣ ಹಚ್ಚಿ ಇಟ್ಟುದೆಂದೂ 1953ರಲ್ಲಿ ಬಯಲಾಯಿತು.

ಇನ್ನು ಅಜ್ಜಿಯ ಮಾತು. ನಮ್ಮೂರ ಕೆರೆಯ ತೂಬಿನ ಕಲ್ಲಿನ ಮೇಲೆ, ಒಡೆದ ಏರಿಯನ್ನು ಕಟ್ಟಿಸಿದ ವರ್ಷವನ್ನು ಕೆತ್ತಿದ್ದಾರೆ: 1952. ಅಜ್ಜಿ ಹುಟ್ಟಿದುದು ಅದಕ್ಕೂ ಮುಂಚೆ. ತಾರೀಖು ತಿಳಿಯದಿದ್ದರೂ, ವೇತನಕ್ಕೆ ಬೇಕಾದ ವಯಸ್ಸು ಅವಳಿಗೆ ದಾಟಿದೆಯೆಂಬುದು ನಿಶ್ಚಯ. ಇಷ್ಟನ್ನೂ ವಿವರವಾಗಿ ಬರೆದು ಎರಡನೆಯ ಅರ್ಜಿಯನ್ನು ನಾನೇ ಕೊಟ್ಟುಬಂದಿದ್ದೇನೆ. ಉತ್ತರ ಇನ್ನೂ ಬರಬೇಕಾಗಿದೆ.