ಕೈ ನಡುಗಿರಲಿಲ್ಲ, ಗಾಳಿ ಸಾಲುತ್ತಿರಲಿಲ್ಲ

ತಿಪಟೂರಿನ ಬಿ.ಎಚ್. ರಸ್ತೆ ಪಕ್ಕ ನಮ್ಮ ಸೋದರಮಾವನದ್ದೊಂದು ಸಣ್ಣ ಗ್ಯಾರೇಜ್ ಇದೆ. ಕಾರುಗಳ ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸ. ನಾನು ಇಂಜಿನಿಯರಿಂಗ್ ಓದುವಾಗ ಎರಡು ಸೆಮಿಸ್ಟರ್ ಫೀಸು ಕಟ್ಟಿದ್ದು ಆ ಗ್ಯಾರೇಜಿನ ದುಡ್ಡಿನಲ್ಲೇ. ಹಾಗಾಗಿ ಕಳೆದ ವರ್ಷ ಬೋನಸ್ ಬಂದಾಗ ಮಾವನಿಗೆ ಏನಾದರೂ ಕೊಡಿಸಬೇಕು ಅನ್ನಿಸಿತು. ಬಟ್ಟೆ ಕೊಡಿಸಿದರೆ ಬೀರುವಿನಲ್ಲಿ ಮಡಿಸಿಟ್ಟುಬಿಡ್ತಾರೆ. ಅದಕ್ಕೇ ಎರಡು ರಾತ್ರಿ ಕೂತು ರಿವ್ಯೂಗಳನ್ನೆಲ್ಲ ಓದಿ, ಒಂದು ಒಳ್ಳೆಯ ಎಚ್‌ವಿಎಲ್‌ಪಿ ಸ್ಪ್ರೇ ಗನ್ ತರಿಸಿಕೊಟ್ಟೆ.

ಎಚ್‌ವಿಎಲ್‌ಪಿ ಅಂದರೆ ಹೈ ವಾಲ್ಯೂಮ್, ಲೋ ಪ್ರೆಶರ್. ಹೆಚ್ಚು ಗಾಳಿ, ಕಡಿಮೆ ಒತ್ತಡ. ಬಣ್ಣ ಗಾಳಿಯಲ್ಲಿ ಹಾರಿ ಹೋಗೋದು ಕಡಿಮೆ, ಕಾರಿನ ಮೇಲೆ ಕೂರೋದು ಜಾಸ್ತಿ. ಬಣ್ಣವೂ ಉಳಿಯುತ್ತೆ, ಉಸಿರಿಗೂ ಒಳ್ಳೆಯದು. ಮಾವ ಬಂದವರಿಗೆಲ್ಲ ‘ನಮ್ಮಳಿಯ ಕೊಡಿಸಿದ್ದು’ ಅಂತ ತೋರಿಸಿದರಂತೆ.

ಮೂರು ವಾರ ಕಳೆದ ಮೇಲೆ ಫೋನ್ ಬಂತು. ಕೊಬ್ಬರಿ ವ್ಯಾಪಾರಿಯೊಬ್ಬರ ಕಾರು. ಗೌರಿ ಹಬ್ಬಕ್ಕೆ ಮೊದಲು ಕೊಡ್ತೀವಿ ಅಂತ ಮಾತು ಕೊಟ್ಟಾಗಿತ್ತು. ಬಾನೆಟ್‌ಗೆ ಎರಡು ಸಲ ಬಣ್ಣ ಹೊಡೆದರೂ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ. ಎರಡು ಸಲವೂ ಉಜ್ಜಿ ತೆಗೆದದ್ದಾಯಿತು. ಬಣ್ಣ, ಕ್ಲಿಯರ್ ಕೋಟ್ ಎಲ್ಲ ಮಾವನ ಕೈಯಿಂದಲೇ ಹೋಗಿತ್ತು.

“ಭಾಯ್‌ಗೆ ವಯಸ್ಸಾಯ್ತು ಅನ್ಸುತ್ತೆ ಕಣೋ. ಕೈ ಮೊದಲಿನ ಹಾಗಿಲ್ಲ. ಬೇರೆ ಹುಡುಗನ್ನ ನೋಡಬೇಕೇನೋ” ಅಂದರು ಮಾವ.

ಭಾಯ್ ಆ ಗ್ಯಾರೇಜಿನಲ್ಲಿ ಪೇಂಟ್ ಹೊಡೆಯೋಕೆ ಶುರು ಮಾಡಿದಾಗ ನಾನು ಪ್ರೈಮರಿ ಸ್ಕೂಲಿನಲ್ಲಿದ್ದೆ. ಬಿಸಿಲಲ್ಲಿ ನಿಂತು ನೋಡಿದರೂ ಅವರು ಬಣ್ಣ ಕೂಡಿಸಿದ ಜಾಗ ಗೊತ್ತಾಗ್ತಿರಲಿಲ್ಲ. ಅಂಥವರ ಕೈ ಮೂರು ವಾರದಲ್ಲಿ ಕೆಡುತ್ತಾ? ಶನಿವಾರ ಬೆಳಗ್ಗೆ ಬಸ್ ಹತ್ತಿದೆ.

ಗ್ಯಾರೇಜಿಗೆ ಹೋದಾಗ ಭಾಯ್ ನನ್ನ ಮುಖ ಸರಿಯಾಗಿ ನೋಡಲಿಲ್ಲ. “ನಿಮ್ಮ ಗನ್ನು ಚೆನ್ನಾಗಿದೆ ಸಾರ್. ನನ್ನ ಕೈನೇ ಹೋಯ್ತು” ಅಂದರು.

ಗೋಡೆಯ ಮೇಲಿದ್ದ ರೆಗ್ಯುಲೇಟರ್ ನೋಡಿದೆ. ಮುಳ್ಳು 40 ಪಿಎಸ್‌ಐ ತೋರಿಸುತ್ತಿತ್ತು. ಗನ್ನಿನ ಕಾಗದದಲ್ಲಿ ಕೇಳಿದ್ದು ಬರೀ 29 ಪಿಎಸ್‌ಐ, ಅಂದರೆ 2 ಬಾರ್. ಗಾಳಿ ಧಾರಾಳವಾಗಿದೆ ಅಂತಲೇ ಎಲ್ಲರೂ ನಂಬಿದ್ದರು. ಆದರೆ ಅಲ್ಲಿ ಯಾರೂ ಟ್ರಿಗರ್ ಒತ್ತಿರಲಿಲ್ಲ. ಗಾಳಿ ನಿಂತಿದ್ದಾಗ ತೋರಿಸುವ ಒತ್ತಡವೇ ಬೇರೆ, ಹರಿಯುವಾಗ ಗನ್ನಿಗೆ ಸಿಗುವ ಒತ್ತಡವೇ ಬೇರೆ. ಮನೆಯ ಓವರ್‌ಹೆಡ್ ಟ್ಯಾಂಕ್ ತುಂಬಿದ್ದರೂ ಪೈಪು ಕಟ್ಟಿದ್ದರೆ ಶವರ್ ತೊಟ್ಟಿಕ್ಕೋದಿಲ್ವಾ, ಹಾಗೆ. ಲೋಡ್ ಹಾಕಿ ಟೆಸ್ಟ್ ಮಾಡದ ಕೋಡನ್ನು ನಾನು ಆಫೀಸಿನಲ್ಲಿ ಪಾಸ್ ಮಾಡಲ್ಲ. ಇಲ್ಲಿ ಮಾತ್ರ ಗೋಡೆಯ ಮುಳ್ಳನ್ನು ನಂಬಿ ಮನುಷ್ಯನ ಕೈಯನ್ನು ಅನುಮಾನಿಸಿದ್ದೆವು.

ಪೇಟೆಯಿಂದ ಒಂದು ಸಣ್ಣ ಗೇಜ್ ತಂದು ಗನ್ನಿನ ಹಿಡಿಯ ಕೆಳಗೇ ಕೂರಿಸಿದೆ. ಭಾಯ್ ಟ್ರಿಗರ್ ಪೂರ್ತಿ ಒತ್ತಿದರು. ಮುಳ್ಳು ಧಡಕ್ಕನೆ 17ಕ್ಕೆ ಬಿತ್ತು!

40 ಹೊರಟು 17 ತಲುಪಿದರೆ ಮಿಕ್ಕಿದ್ದು ದಾರಿಯಲ್ಲೇ ಕರಗಿದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುತ್ತಾ ಬಂದೆವು. ಮೊದಲು ಫಿಲ್ಟರ್. ಒಳಗಿನ ಎಲಿಮೆಂಟ್ ತುಕ್ಕು, ಎಣ್ಣೆ ಕುಡಿದು ಕಪ್ಪಾಗಿತ್ತು. ಹೊಸದು ಹಾಕಿದಾಗ 20 ಬಂತು. ಆಮೇಲೆ ಹೋಸ್. 15 ಮೀಟರ್ ಉದ್ದ, ಒಳಗಿನ ತೂತು ಬರೀ 6 ಮಿಲಿಮೀಟರ್. ಅದನ್ನು ತೆಗೆದು 10 ಮಿಲಿಮೀಟರ್ ತೂತಿನದ್ದು ಹಾಕಿದೆವು. ಹಳೇ ಕ್ವಿಕ್ ಕಪ್ಲರ್‌ಗಳು ಇನ್ನೂ ಸಣ್ಣ ತೂತಿನವು, ಅವನ್ನೂ ಬದಲಾಯಿಸಿದೆವು. ಈಗ ಟ್ರಿಗರ್ ಒತ್ತಿದರೆ 29. ನಾನು ಗೆದ್ದೆ ಅಂದುಕೊಂಡೆ.

“ಸ್ವಲ್ಪ ತಡೀರಿ ಸಾರ್” ಅಂದ ಭಾಯ್ ಟ್ರಿಗರ್ ಬಿಡದೆ ಒತ್ತಿಯೇ ಹಿಡಿದರು. ಒಂದು ನಿಮಿಷ ಆಗುವಷ್ಟರಲ್ಲಿ ಮುಳ್ಳು ನಿಧಾನವಾಗಿ 20ಕ್ಕೆ ಇಳಿದಿತ್ತು. ಕಂಪ್ರೆಸರ್ ಒಂದೇ ಸಮನೆ ಓಡುತ್ತಿದ್ದರೂ ಟ್ಯಾಂಕಿನ ಗೇಜ್ ಕೂಡ ಕೆಳಗೆ ಬರುತ್ತಿತ್ತು.

ಇದು ಬೇರೆಯದೇ ಕಾಯಿಲೆ. ಒತ್ತಿದ ತಕ್ಷಣ ಬಿದ್ದು ಅಲ್ಲೇ ನಿಂತರೆ ದಾರಿಯಲ್ಲಿ ಅಡ್ಡಿ ಇದೆ ಅಂತ. ಮೊದಲು ಚೆನ್ನಾಗಿದ್ದು ಮೆಲ್ಲಗೆ ಇಳಿದರೆ, ಖರ್ಚಾಗುವಷ್ಟು ಗಾಳಿ ತಯಾರಾಗುತ್ತಿಲ್ಲ ಅಂತ. ಗಾಳಿಯ ಒತ್ತಡ ಪಿಎಸ್‌ಐ ಆದರೆ, ನಿಮಿಷಕ್ಕೆ ಎಷ್ಟು ಗಾಳಿ ಅನ್ನೋದು ಸಿಎಫ್‌ಎಂ. ಗ್ಯಾರೇಜುಗಳ ಸಣ್ಣ ಕಂಪ್ರೆಸರ್ ಒಂದು ಎಚ್‌ಪಿಗೆ ಮೂರರಿಂದ ನಾಲ್ಕು ಸಿಎಫ್‌ಎಂ ಕೊಡುತ್ತೆ ಅನ್ನೋದು ಸ್ಥೂಲ ಲೆಕ್ಕ. ಮಾವನದ್ದು 2 ಎಚ್‌ಪಿ, ಅದೂ ಹಳೆಯದು. ಆರೋ ಏಳೋ ಬಂದರೆ ಹೆಚ್ಚು. ನಾನು ಕೊಡಿಸಿದ ಗನ್ನಿಗೆ ಬೇಕಾಗಿದ್ದು 12.

ಮೊಬೈಲ್ ತೆಗೆದು ಆರ್ಡರ್ ಮಾಡಿದ ಪೇಜ್ ನೋಡಿದೆ. 12 ಸಿಎಫ್‌ಎಂ ಅಂತ ಸ್ಪಷ್ಟವಾಗಿ ಬರೆದಿತ್ತು. ನಾನು ಸ್ಟಾರ್ ಎಣಿಸಿದ್ದೆ, ಆ ಸಾಲು ಓದಿರಲಿಲ್ಲ.

“ಮಾವ, ತಪ್ಪು ಭಾಯ್‌ದಲ್ಲ. ನಂದು” ಅಂದೆ.

ಮಾವ ಏನೂ ಮಾತಾಡಲಿಲ್ಲ. ಎದುರಿನ ಅಂಗಡಿಗೆ ಹೋಗಿ ಮೂರು ಟೀ ತಂದರು. ಮೊದಲನೇ ಲೋಟ ಭಾಯ್ ಕೈಗೆ ಕೊಟ್ಟರು. ಟೀ ಕುಡಿಯುತ್ತಾ ಭಾಯ್ ಮೆತ್ತಗೆ ಹೇಳಿದರು: “ಕಣ್ಣೇ ಮಂಜಾಯ್ತೇನೋ ಅಂತ ಹೋದ ವಾರ ಹೊಸ ಕನ್ನಡಕ ಮಾಡಿಸ್ದೆ ಸಾರ್. ಸಾವಿರದೆಂಟುನೂರು ಕೊಟ್ಟೆ.”

“ಹಳೇ ಗನ್ನಲ್ಲೇ ಹೊಡೀಬಹುದಿತ್ತಲ್ಲ ಭಾಯ್?” ಅಂತ ಕೇಳಿದೆ.

“ನೀವು ಪ್ರೀತಿಯಿಂದ ಕೊಟ್ಟಿದ್ದು. ಅದು ಸರಿಯಿಲ್ಲ ಅಂತ ಹೆಂಗೆ ಹೇಳ್ಲಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ಕೆಲಸ ಬಾಕಿ ಇತ್ತು. ಮಳೆಗಾಲವಲ್ವಾ, ಕಂಪ್ರೆಸರ್ ಟ್ಯಾಂಕಿನ ಅಡಿಯ ವಾಲ್ವ್ ಬಿಚ್ಚಿದರೆ ಅರ್ಧ ಮಗ್ ತುಕ್ಕು ನೀರು ಬಂತು. ಗಾಳಿಯನ್ನು ಒತ್ತಿದಾಗ ಬಿಸಿಯಾಗುತ್ತೆ, ತಣ್ಣಗಾದಾಗ ಅದರಲ್ಲಿದ್ದ ತೇವ ನೀರಾಗುತ್ತೆ. ಆ ನೀರು ಗನ್ನಿಗೆ ಬಂದರೆ ಬಣ್ಣದಲ್ಲಿ ಗುಳ್ಳೆ ಏಳುತ್ತೆ. ನೀರು ಹಿಡಿಯುವ ಟ್ರ್ಯಾಪ್ ಕಂಪ್ರೆಸರ್‌ಗೆ ಅಂಟಿಕೊಂಡೇ ಇತ್ತು. ಅಲ್ಲಿ ಗಾಳಿ ಇನ್ನೂ ಬಿಸಿ, ತೇವ ಆವಿಯಾಗಿಯೇ ಮುಂದೆ ಹೋಗಿಬಿಡುತ್ತೆ. ಅದನ್ನು ಪೈಪಿನ ಆ ತುದಿಗೆ ಹಾಕಿಸಿದೆವು.

ಭಾನುವಾರ ಸಂಜೆ ಭಾಯ್ ಹಳೇ ಗನ್ ಬಿಚ್ಚಿ, ತಿನ್ನರ್‌ನಲ್ಲಿ ತೊಳೆದು, ದಪ್ಪ ಹೋಸಿಗೆ ಸಿಕ್ಕಿಸಿದರು. ಅದು ಕಡಿಮೆ ಗಾಳಿಯಲ್ಲೇ ನಡೆಯುವಂಥದ್ದು. ಬಾನೆಟ್ಟಿನ ಈ ತುದಿಯಿಂದ ಆ ತುದಿಗೆ ಕೈ ಒಂದೇ ಹದದಲ್ಲಿ ಹೋಯಿತು. ಕ್ಲಿಯರ್ ಕೋಟ್ ನೀರು ಹರಡಿದ ಹಾಗೆ ಕೂತಿತು. ಟ್ಯೂಬ್‌ಲೈಟಿನ ನೆರಳು ಅದರಲ್ಲಿ ಗೆರೆ ಎಳೆದಂತೆ ಕಂಡಿತು. ಕಾರು ಹಬ್ಬದ ಹಿಂದಿನ ದಿನ ಹೋಯಿತು. ಬೇರೆ ಹುಡುಗನ ಮಾತು ಮಾವ ಮತ್ತೆ ಎತ್ತಲಿಲ್ಲ.

ದೊಡ್ಡ ಕಂಪ್ರೆಸರ್‌ಗೆ ತ್ರೀ ಫೇಸ್ ಕರೆಂಟು ಬೇಕು, ದುಡ್ಡೂ ಬೇಕು. ಅದಕ್ಕೇ 5 ಸಿಎಫ್‌ಎಂ ಸಾಕೆನ್ನುವ ಎಲ್‌ವಿಎಲ್‌ಪಿ ಗನ್ ಒಂದನ್ನು ಆಮೇಲೆ ಕಳಿಸಿದೆ. ಈ ಸಲ ಆರ್ಡರ್ ಮಾಡುವ ಮೊದಲು ಭಾಯ್‌ಗೇ ಫೋನ್ ಮಾಡಿ ಕೇಳಿದೆ. ಕನ್ನಡಕದ ದುಡ್ಡು ಕೊಡೋಕೆ ಹೋದೆ, ತಗೊಳ್ಳಲಿಲ್ಲ. “ಇರ್ಲಿ ಸಾರ್, ಪೇಪರ್ ಓದೋಕೆ ಆಯ್ತು” ಅಂದರು.

ನಿಮ್ಮ ಗನ್ನೂ ಹೀಗೆ ಕೈ ಕೊಟ್ಟರೆ

• ಒತ್ತಡವನ್ನು ಗನ್ನಿನ ಹತ್ತಿರವೇ, ಟ್ರಿಗರ್ ಪೂರ್ತಿ ಒತ್ತಿ ಹಿಡಿದು ನೋಡಿ.

• ತಕ್ಷಣ ಬಿದ್ದರೆ ಫಿಲ್ಟರ್, ಹೋಸ್, ಕಪ್ಲರ್ ನೋಡಿ. ನಿಧಾನವಾಗಿ ಇಳಿದರೆ ಕಂಪ್ರೆಸರ್‌ನ ಸಿಎಫ್‌ಎಂ ನೋಡಿ.

• ಬಣ್ಣ ಕುಲುಕಿ ಕುಲುಕಿ ಬಂದರೆ ಗಾಳಿಯ ಸರಬರಾಜನ್ನು ಬೈಯಬೇಡಿ. ಕಪ್ಪಿನ ಮುಚ್ಚಳದ ತೂತು ಕಟ್ಟಿದೆಯಾ, ನಾಜಲ್ ಸಡಿಲ ಆಗಿದೆಯಾ ನೋಡಿ.

• ದಿನಾ ಸಂಜೆ ಟ್ಯಾಂಕಿನ ನೀರು ಬಿಡಿ. ಹೋಸ್, ಫಿಲ್ಟರ್ ಬಿಚ್ಚುವ ಮೊದಲು ಗಾಳಿ ಪೂರ್ತಿ ಖಾಲಿ ಮಾಡಿ.

• ಹಾರ್ಡನರ್ ಹಾಕುವ 2ಕೆ ಬಣ್ಣ, ಕ್ಲಿಯರ್ ಕೋಟ್‌ಗಳಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಇರುತ್ತೆ. ಅದು ಆಸ್ತಮಾ ತರಬಲ್ಲದು. ಮುಖಕ್ಕೆ ಕರ್ಚೀಫ್ ಕಟ್ಟಿದರೆ ಸಾಲದು. ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕೇ ಸುರಕ್ಷಿತ.