ಗುರುತುಳಿಸದ ಕತ್ತರಿ

1954ರ ಆದಿಭಾಗದಲ್ಲಿ ‘ಸೋವಿಯತ್ ಮಹಾವಿಶ್ವಕೋಶ’ದ ಚಂದಾದಾರರಿಗೆ ಅಂಚೆಯಲ್ಲಿ ಒಂದು ಸೂಚನೆ ಬಂದಿತು. ಐದನೆಯ ಸಂಪುಟದ ಇಂತಿಂಥ ಪುಟಗಳನ್ನು ಕತ್ತರಿಯಿಂದಾಗಲಿ ಕ್ಷೌರದ ಅಲಗಿನಿಂದಾಗಲಿ ಕೊಯ್ದು ತೆಗೆದು, ಇದರೊಡನೆ ಕಳುಹಿಸಿರುವ ಹಾಳೆಗಳನ್ನು ಅಲ್ಲಿ ಅಂಟಿಸಿಕೊಳ್ಳತಕ್ಕದ್ದು ಎಂದು. ತೆಗೆಯಬೇಕಾಗಿದ್ದುದು ಲಾವ್ರೆಂತಿ ಬೆರಿಯಾನ ಚರಿತ್ರೆ. ಸ್ಟಾಲಿನ್ನನ ರಹಸ್ಯ ಪೋಲೀಸಿನ ಒಡೆಯನಾಗಿದ್ದ ಆತ 1953ರಲ್ಲಿ ಅಧಿಕಾರದಿಂದ ಉರುಳಿ, ಆ ವರ್ಷವೇ ಗುಂಡಿಗೆ ಬಲಿಯಾಗಿದ್ದನು. ಆತನ ಸ್ಥಳವನ್ನು ತುಂಬಲು ಬೇರಿಂಗ್ ಸಮುದ್ರವನ್ನೇ ಹರಿಯಬಿಟ್ಟರು! ಆದರೂ ಕೊಯ್ದ ಹಾಳೆಯ ಬುಡ ಹೊಲಿಗೆಯಲ್ಲಿ ಉಳಿದಿರುತ್ತದೆ. ಪುಟ ತಿರುವುವವನ ಬೆರಳಿಗೆ ಅದು ತಗುಲಿಯೇ ತಗುಲುತ್ತದೆ.

ನಮ್ಮಲ್ಲಿ ತುರ್ತು ಪರಿಸ್ಥಿತಿ ಜಾರಿಗೆ ಬಂದ ಕೆಲವೇ ದಿನಗಳಲ್ಲಿ, 1975ರ ಜೂನ್ 28ರಂದು, ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಸ್ಥಳವನ್ನು ಬರಿದಾಗಿ ಬಿಟ್ಟು ಹೊರಬಂದಿತು. ಏನೋ ಹೇಳಬೇಕಾಗಿದ್ದುದನ್ನು ಹೇಳಗೊಟ್ಟಿಲ್ಲವೆಂಬುದು ಅಕ್ಷರ ಬಾರದವನಿಗೂ ತಿಳಿಯುವಂತಿತ್ತು.

ಇಂದು ನಾವು ತಿಳಿವಳಿಕೆಗಾಗಿ ಮೊದಲು ಕೈಚಾಚುವ ಸರ್ಚ್ ಎಂಜಿನ್ನಿನಲ್ಲಿ ಆ ಹಾಳೆಯ ಬುಡವೂ ಇಲ್ಲ, ಆ ಬಿಳಿಯ ಜಾಗವೂ ಇಲ್ಲ. ಹತ್ತು ಫಲಿತಾಂಶಗಳಲ್ಲಿ ಒಂದನ್ನು ತೆಗೆದರೆ ಹನ್ನೊಂದನೆಯದು ಮೇಲಕ್ಕೆ ಸರಿದು ಅದರ ಪೀಠದಲ್ಲಿ ಕುಳಿತುಕೊಳ್ಳುತ್ತದೆ. ಓದುಗನಿಗೆ ಪಟ್ಟಿ ತುಂಬಿಯೇ ಕಾಣುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಎರಡನೆಯ ಪುಟದವರೆಗೆ ಹೋಗುವ ತಾಳ್ಮೆಯುಳ್ಳವರು ಎಷ್ಟು ಮಂದಿ? (ಅಧ್ಯಾಪಕರ ಮಾತನ್ನು ಎತ್ತದಿರುವುದೇ ಲೇಸು.)

ಚುನಾವಣೆಯ ಕಾಲದಲ್ಲಿ ಇದರ ಪರಿಣಾಮವೇನೆಂಬುದು 2021ರ ಸೆಪ್ಟೆಂಬರಿನಲ್ಲಿ ರಷ್ಯಾದಲ್ಲಿ ಕಂಡುಬಂದಿತು. ವಿರೋಧ ಪಕ್ಷದ ನಾಯಕ ಅಲೆಕ್ಸಿ ನವಾಲ್ನಿಯ ಬಳಗ ‘ಜಾಣ ಮತದಾನ’ವೆಂಬ ಉಪಾಯವನ್ನು ಹೂಡಿತ್ತು. ಪ್ರತಿಯೊಂದು ಕ್ಷೇತ್ರದಲ್ಲಿಯೂ ಆಳುವ ಪಕ್ಷವನ್ನು ಸೋಲಿಸಬಲ್ಲ ಒಬ್ಬ ಉಮೇದುವಾರನನ್ನು, ಪಕ್ಷ ಯಾವುದಾದರೂ ಆಗಲಿ, ಗುರುತಿಸಿ ಮತದಾರರಿಗೆ ತಿಳಿಸುವುದಷ್ಟೇ ಅದರ ತಿರುಳು. ಕೊನೆಗೆ ಹೊರಬಿದ್ದ ಪಟ್ಟಿಯಲ್ಲಿ ಕಮ್ಯೂನಿಸ್ಟರೇ ಹೆಚ್ಚಾಗಿದ್ದರು. ನವಾಲ್ನಿ ಆಗಲೇ ಸೆರೆಮನೆಯಲ್ಲಿದ್ದನು. ಅವನ ಸಂಘಟನೆಗಳಿಗೆ ಜೂನ್ ತಿಂಗಳಲ್ಲೇ ‘ಉಗ್ರಗಾಮಿ’ ಎಂಬ ಮುದ್ರೆ ಬಿದ್ದಿತ್ತು.

ಮುಂದಿನದು ಪ್ರಹಸನಕಾರನ ಲೇಖನಿಗೆ ತಕ್ಕ ವಸ್ತು. ಸ್ತಾವ್ರೊಪೋಲ್ ಪ್ರಾಂತದಲ್ಲಿ ಕುರಿಯ ಉಣ್ಣೆಯ ವ್ಯಾಪಾರ ಮಾಡುವ ಒಂದು ಸಂಸ್ಥೆ ‘ಜಾಣ ಮತದಾನ’ವೆಂಬ ಪದವನ್ನು ತನ್ನ ಟ್ರೇಡ್‌ಮಾರ್ಕಾಗಿ ನೋಂದಾಯಿಸಿಕೊಂಡು ನ್ಯಾಯಾಲಯದ ಮೆಟ್ಟಿಲೇರಿತು. ಎಲ್ಲಿಯ ಉಣ್ಣೆ, ಎಲ್ಲಿಯ ಓಟು! ಆದರೆ ಮಾಸ್ಕೋದ ನ್ಯಾಯಾಲಯ ಆ ಮಾತನ್ನು ಮನ್ನಿಸಿ, ಶೋಧದ ಫಲಿತಾಂಶಗಳಲ್ಲಿ ಈ ಪದವನ್ನು ತೋರಿಸಕೂಡದೆಂದು ಸೆಪ್ಟೆಂಬರ್ 3ರಂದು ಗೂಗಲ್ ಮತ್ತು ಯಾಂಡೆಕ್ಸ್ ಸಂಸ್ಥೆಗಳಿಗೆ ಆಜ್ಞೆಯಿತ್ತಿತು. ಸರಕಾರ ಆ ಜಾಲತಾಣವನ್ನು ತಡೆಹಿಡಿದ ಮೇಲೆ ಯಾಂಡೆಕ್ಸ್ ಅದನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿತು. ಮತದಾನ 17ರಿಂದ 19ರವರೆಗೆ ಮೂರು ದಿನ. ಮೊದಲನೆಯ ದಿನವೇ ಗೂಗಲ್ ಮತ್ತು ಆಪಲ್ ತಮ್ಮ ಅಂಗಡಿಗಳಿಂದ ಆ ಆ್ಯಪನ್ನು ಹಿಂತೆಗೆದುವು. ರಷ್ಯಾದಲ್ಲಿದ್ದ ಅವುಗಳ ನೌಕರರನ್ನು ಕ್ರಿಮಿನಲ್ ಮೊಕದ್ದಮೆಗೆ ಗುರಿಪಡಿಸುವುದಾಗಿ ಬೆದರಿಸಿದ್ದರೆಂದು ವರದಿಯಾಯಿತು. ಆ ನೌಕರರ ಮನೆಮಂದಿಯನ್ನು ನೆನೆದರೆ ಕಂಪನಿಗಳನ್ನು ಬರಿದೇ ಹಳಿಯಲು ನಾಲಗೆ ಬಾರದು. ಆದರೆ ಮತದಾರನಿಗೆ ಹೆಸರು ಬೇಕಾಗಿದ್ದುದು ಆ ಮೂರು ದಿನ ಮಾತ್ರ. ವಿಶ್ವಕೋಶದ ಪುಟ ಹತ್ತು ವರ್ಷದ ಮೇಲೆ ಮರಳಿದರೂ ಪ್ರಯೋಜನಕ್ಕೆ ಬರುತ್ತದೆ. ಉಮೇದುವಾರನ ಹೆಸರು ಸೋಮವಾರ ಬೆಳಿಗ್ಗೆ ಮರಳಿ ಏನು ಫಲ? 450 ಸ್ಥಾನಗಳಲ್ಲಿ 324 ಆಳುವ ಪಕ್ಷಕ್ಕೆ ಸಂದುವು.

ಗೂಗಲ್ ತಾನು ಕಾನೂನಿನ ಮೇರೆಗೆ ಏನನ್ನಾದರೂ ತೆಗೆದಾಗ ಕೆಲವೊಮ್ಮೆ ಪುಟದ ಅಡಿಯಲ್ಲಿ ಸಣ್ಣದೊಂದು ಟಿಪ್ಪಣಿ ಹಾಕುವುದುಂಟು. 2024ರ ಮಾರ್ಚಿನಲ್ಲಿ, ನಮ್ಮ ಲೋಕಸಭಾ ಚುನಾವಣೆಗೆ ಮುನ್ನ, ಚುನಾವಣೆಗೆ ಸಂಬಂಧಿಸಿದ ಕೆಲವು ಬಗೆಯ ಪ್ರಶ್ನೆಗಳಿಗೆ ತನ್ನ ‘ಜೆಮಿನಿ’ ಉತ್ತರಿಸದೆಂದು ಅದು ಬಹಿರಂಗವಾಗಿಯೇ ಸಾರಿತು. ಇದು ಸರಿಯೇ ತಪ್ಪೇ ಎಂದು ವಾದಿಸಬಹುದು, ಏಕೆಂದರೆ ಮೌನವಹಿಸಿರುವುದು ನಮಗೆ ಗೊತ್ತು. ಮೂರನೆಯ ಸ್ಥಾನದಿಂದ ಮೂವತ್ತನೆಯದಕ್ಕೆ ಇಳಿದ ಲೇಖನಕ್ಕೆ ಅಂಥ ಟಿಪ್ಪಣಿಯಿಲ್ಲ. ಅದನ್ನು ಅಧಿಕಾರ ಇಳಿಸಿತೋ, ಲೆಕ್ಕಾಚಾರ ಇಳಿಸಿತೋ, ಅಥವಾ ಅದರ ಯೋಗ್ಯತೆಯೇ ಅಷ್ಟೋ—ಹೊರಗಿನವನು ನಿರ್ಣಯಿಸಲಾರ. ಸೋತ ಪಕ್ಷದವರೆಲ್ಲ ಯಂತ್ರವನ್ನು ಶಪಿಸುವುದಕ್ಕೂ, ನಿಜವಾಗಿ ವಂಚಿತನಾದವನ ಮೊರೆ ಯಾರ ಕಿವಿಗೂ ಬೀಳದಿರುವುದಕ್ಕೂ ಕಾರಣ ಇದೊಂದೇ.

ನವಾಲ್ನಿ 2024ರ ಫೆಬ್ರವರಿ 16ರಂದು ಸೆರೆಯಲ್ಲಿಯೇ ತೀರಿಕೊಂಡನು. 2025ರ ಸೆಪ್ಟೆಂಬರ್ 1ರಿಂದ ರಷ್ಯಾದಲ್ಲಿ ಇನ್ನೊಂದು ಶಾಸನ ಜಾರಿಗೆ ಬಂದಿದೆ: ‘ಉಗ್ರಗಾಮಿ’ ಎಂದು ಸರಕಾರ ಪಟ್ಟಿಮಾಡಿದ ಬರಹಗಳನ್ನು ಬುದ್ಧಿಪೂರ್ವಕವಾಗಿ ಹುಡುಕಿದವನಿಗೆ ಮೂರರಿಂದ ಐದು ಸಾವಿರ ರೂಬಲ್ ದಂಡ.